ತೂತಿಲ್ಲದ ಬಂದೂಕು

ಮಳೆ ಹೊಳವು ಕೊಟ್ಟಿತ್ತು. ಚಿಗಳ್ಳಿಯ ಗೋವಿನಜೋಳ ಹಾಲುಗಾಳು ತುಂಬಿ ನಿಂತಿತ್ತು. ಮಂಗಗಳು ಹೊತ್ತು ಮೂಡುವ ಮೊದಲೇ ಬಂದು ಪಂಕ್ತಿಗೆ ಕೂತಂತೆ ಕೂಡುತ್ತಿದ್ದವು. ಮಹಾಬಳೇಶ್ವರನ ಹೊಲದಲ್ಲಿ ಮಾತ್ರ ಅವುಗಳ ಆಟ ನಡೆಯುತ್ತಿರಲಿಲ್ಲ. ಅವನ ಬಂದೂಕಿನ ಹಿಡಿಯ ಕೆಳಗೆ ಬಳೆಯಂಥ ಲಿವರೊಂದಿತ್ತು. ಅದನ್ನು ಕೆಳಗೆಳೆದು ಮೇಲೆತ್ತಿದರೆ ‘ಖಟಕ್ ಖಟಕ್!’ ಅಷ್ಟಕ್ಕೇ ಮಂಗಗಳು ಓಟ.

“ಬಿಳಿ ಸಾಹೇಬ ನಮ್ಮ ಮುತ್ಯಾಗ ಕೊಟ್ಟಿದ್ದು. ಹುಲಿ ಹೊಡದಾನ ಇದರಾಗ” ಎಂದು ಊರಿಗೆಲ್ಲ ಹೇಳಿದ್ದ. ಅಸಲಿಗೆ ಅದು ಅಪರೂಪದ ಹಳೆಯ ರೈಫಲ್ಲೊಂದರ ಹೊಸ ನಕಲು, ದಾಂಡೇಲಿಯ ಒಂದು ವಸತಿಗೃಹದ ಗೋಡೆಯ ಶೃಂಗಾರ. ಸುಣ್ಣ ಬಳಿಯುವಾಗ ಮೂಲೆ ಸೇರಿದ್ದನ್ನು ಅಲ್ಲಿನ ಕಾವಲುಗಾರ ಜೇವಿಯರ್ ಮಾಲಕರನ್ನು ಕೇಳಿ ಗೆಳೆಯನಿಗೆ ತಂದುಕೊಟ್ಟಿದ್ದ. ಬದಲಿಗೆ ಒಂದು ಚೀಲ ಹಸಿತೆನೆಯ ಮಾತಾಗಿತ್ತು.

ಆ ಬೆಳಿಗ್ಗೆ ನೆರೆಹೊಲದ ಬಸಲಿಂಗಯ್ಯ ತನ್ನ ಲೈಸೆನ್ಸಿನ ಕೋವಿ ಹೆಗಲಿಗೇರಿಸಿ ಬಂದ.

“ಎಲೆಕ್ಷನ್ ಬಂತಲ್ಲ, ಬಂದೂಕ ಎಲ್ಲಾ ಠಾಣೆಕ್ಕ ಒಪ್ಪಿಸಬೇಕಂತ. ಟಂಟಂ ನಿಂತೈತಿ, ಹೋಗೂಣು.”

“ನಾ ನಾಳೆ ಬರ್ತೇನಿ, ಕಾಕಾ.”

“ನಾಳೆ ಅಂದ್ರ ಅವರ ಬಂದು ನಿನ್ನ ಒಯ್ತಾರ!” ಬೇಲಿಯಾಚೆಯ ಹೊಲದಿಂದ ಸಕ್ಕುಬಾಯಿ ಕೂಗಿದಳು. “ಏಳೋ, ಹುಲಿ ಹೊಡದವನ ಮೊಮ್ಮಗನ!”

ಮಹಾಬಳೇಶ್ವರ ಟಂಟಂನಲ್ಲಿ ಹೊಸ ಮದುವಣಗಿತ್ತಿಯಂತೆ ತಲೆ ತಗ್ಗಿಸಿ ಕೂತ. ಅಸಲಿ ಎಂದರೆ ಲೈಸೆನ್ಸಿಲ್ಲದ್ದಕ್ಕೆ ಜೈಲು. ನಕಲಿ ಎಂದರೆ ಊರ ನಗೆ. ಸುಮ್ಮನೆ ಬಿಟ್ಟು ಬಂದರೆ ಜೋಳ ಮಂಗನ ಪಾಲು.

“ಲೈಸೆನ್ಸ್?” ಎಂದ ಠಾಣೆಯ ಹವಾಲ್ದಾರ.

“ಸಾಹೇಬ್ರ, ಇದು ಗ್ವಾಡಿಗೆ ಹಾಕೂ ಬಂದೂಕ್ರೀ...”

ಹವಾಲ್ದಾರ ನಳಿಗೆಗೆ ಕಣ್ಣಿಟ್ಟ, ಕಡ್ಡಿ ಚುಚ್ಚಿದ. “ಅಲ್ಲೋ, ತೂತ ಎಲ್ಲೈತಿ ಇದಕ್ಕ?”

“ಇಲ್ರೀ.”

“ಮತ್ತ ನಿಮ್ಮ ಮುತ್ಯಾ ಹುಲಿ ಹೆಂಗ ಹೊಡದ?” ಎಂದ ಬಸಲಿಂಗಯ್ಯ.

“ಹಿಡಿಲೆ ಬಡದಿರಬೇಕು” ಎಂದ ಹವಾಲ್ದಾರ. ಠಾಣೆಗೆ ಠಾಣೆಯೇ ನಕ್ಕಿತು. “ಒಯ್ಯೋ ಮಾರಾಯಾ. ಮನಷ್ಯಾರಿಗೆ ಮಾತ್ರ ತೋರಿಸಬ್ಯಾಡ.”

ನಕ್ಕರೆ ನಗಲಿ, ಜೋಳ ಉಳಿಯಿತು ಎಂದುಕೊಂಡು ಅವನು ಊರಲ್ಲಿಳಿದರೆ, ಬಸಲಿಂಗಯ್ಯ ರಟ್ಟೆ ಹಿಡಿದ. “ಊರಾಗ ಉಳದದ್ದು ಇದೊಂದ ಬಂದೂಕ. ಮೊದಲ ನಮ್ಮ ಹೊಲಕ್ಕ ನಡಿ.”

“ಇದು ಸುಳ್ಳ ಬಂದೂಕ, ಕಾಕಾ!”

“ಅದು ನನಗ ಗೊತ್ತಾತು. ಮಂಗ್ಯಾಗೇನ ಗೊತ್ತು?”

ಅಲ್ಲಿಂದ ಸಕ್ಕುಬಾಯಿಯ ಹೊಲ, ಅಲ್ಲಿಂದ ಮತ್ತೊಂದು. ಹೊತ್ತು ಮುಳುಗುವವರೆಗೆ ಖಟಕ್ ಖಟಕ್. ಹೋದಲ್ಲೆಲ್ಲ ಚಹಾ, ಅವಲಕ್ಕಿ, ಉಡಿ ತುಂಬ ತೆನೆ. ಒಂದು ಚೀಲವೇ ಆಯಿತು. ಅದನ್ನು ಹೊತ್ತು ತನ್ನ ಹೊಲಕ್ಕೆ ಬಂದರೆ, ಊರೆಲ್ಲ ಅಟ್ಟಿದ ಮಂಗಗಳು ಅಲ್ಲೇ ಸಭೆ ಸೇರಿದ್ದವು. ಅರ್ಧ ಹೊಲ ಬರೀ ದಂಟು. ಹೆಂಡತಿ ದ್ರಾಕ್ಷಾಯಣಿ ಮಿಕ್ಕರ್ಧಕ್ಕೆ ಅಡ್ಡಲಾಗಿ ತಾಟು ಬಾರಿಸುತ್ತ ನಿಂತಿದ್ದಳು.

ಅಷ್ಟರಲ್ಲಿ ಜೇವಿಯರನ ಬೈಕು ಬಂತು. ಮಾತು ಮಾತೇ. ಮಹಾಬಳೇಶ್ವರ ಹೆಗಲ ಮೇಲಿನ ಚೀಲವನ್ನು ಹಾಗೇ ಬೈಕಿಗೇರಿಸಿದ.

ಜೇವಿಯರ್ ಒಂದು ತೆನೆ ಸುಲಿದು ನೋಡಿದ. “ಭಾಳ ಚಲೋ ಬೆಳದೀ ಬಿಡು! ಅಲ್ಲಿ ಇಂಥಾದ ಇನ್ನೊಂದ ಬಂದೂಕ ಬಿದ್ದೈತಿ. ಬೇಕನು?”

“ಬ್ಯಾಡೋ ಯಪ್ಪಾ!” ಎಂದ ಮಹಾಬಳೇಶ್ವರ.

“ತರ್ರಿ ಅಣ್ಣಾ” ಎಂದಳು ದ್ರಾಕ್ಷಾಯಣಿ, ತಾಟು ಕೆಳಗಿಟ್ಟು. “ಇವರದು ಊರಿಗಾತು. ಅದು ನಮ್ಮ ಹೊಲಕ್ಕ.”