ಹೊಂಡಕ್ಕೊಂದು ದೀರ್ಘ

ಹೆಂಡತಿಯ ಕಾಲು ನೋಯಬಾರದೆಂದು ಸೈಕಲ್ಲಿಗೆ ಎಂಜಿನ್ನು ಕಟ್ಟಿದ ಗಂಡಂದಿರು ನನಗೆ ತಿಳಿದಂತೆ ಈ ಭೂಮಂಡಲದಲ್ಲಿ ಇಬ್ಬರೇ. ಒಬ್ಬ ಜಪಾನಿನ ಹೊಂಡಾ. ಇನ್ನೊಬ್ಬ ಬೆಳಕೆಯ ನಾನು! ಆತ ಮುಂದೆ ಮೋಟಾರ್ ಸೈಕಲ್ ಮಾಡಿದ, ಕಾರು ಮಾಡಿದ, ಜಗತ್ತಿನ ರಸ್ತೆಗಳನ್ನೆಲ್ಲ ತುಂಬಿದ. ನಾನು ತುಂಬಿದ್ದು ಮುಟ್ಟಳ್ಳಿಯ ಒಂದು ಹೊಂಡ. ಅದೂ ಸ್ವಲ್ಪ ಹೊತ್ತು ಮಾತ್ರ. ಆದರೂ ಆರಂಭ ಇಬ್ಬರದ್ದೂ ಒಂದೇ ಎಂಬುದನ್ನು ನೀವು ಒಪ್ಪಲೇಬೇಕು.

ಅದು ನಲವತ್ತೆಂಟನೆಯ ಇಸವಿ. ನಾನು ಹಾರ್ಮೋನಿಯಂ ರಿಪೇರಿ ಮಾಡುವವ. ಭಟ್ಕಳದಿಂದ ಕುಮಟೆಯವರೆಗೆ ಯಾವ ಭಜನಾ ಮಂಡಳಿಯ ಪೆಟ್ಟಿಗೆ ಕೆಮ್ಮಿದರೂ, ಉಬ್ಬಸಪಟ್ಟರೂ ನನ್ನ ಜಗಲಿಗೇ ಬರಬೇಕು. ಜನ ನನ್ನನ್ನು 'ಪೆಟ್ಟಿಗೆ ಅಣ್ಣಪ್ಪ' ಎಂದೇ ಕರೆಯುತ್ತಿದ್ದರು. ಹೆಂಡತಿ ವನಮಾಲಾ ಮುಟ್ಟಳ್ಳಿಯ ಶಾಲೆಯಲ್ಲಿ ಮಕ್ಕಳಿಗೆ ಅ ಆ ಇ ಈ ಕಲಿಸುವ ಅಕ್ಕೋರು. ಹ್ರಸ್ವ ದೀರ್ಘದ ವಿಷಯದಲ್ಲಿ ಬಲು ಕಟ್ಟುನಿಟ್ಟು! ಹಸಿವಿನ ಅವಸರದಲ್ಲಿ ನಾನು 'ಉಟ ಹಾಕು' ಎಂದುಬಿಟ್ಟರೆ, ಅದು 'ಊಟ' ಆಗುವ ತನಕ ಬಟ್ಟಲು ಮುಂದೆ ಬರುತ್ತಿರಲಿಲ್ಲ.

ಇಂಥ ಅಕ್ಕೋರಿಗೆ ಒಂದೇ ಒಂದು ವೈರಿ, ಇದ್ದಲು ಬಸ್ಸು. ಪೆಟ್ರೋಲಿಗೆ ರೇಶನ್ನು ಇದ್ದ ಕಾಲ. ಬಸ್ಸಿನ ಬೆನ್ನಿಗೆ ದೊಡ್ಡ ಒಲೆ ಕಟ್ಟಿ, ಇದ್ದಲು ಸುಟ್ಟು, ಆ ಗ್ಯಾಸಿನಲ್ಲಿ ಓಡಿಸುತ್ತಿದ್ದರು. ಓಡಿಸುತ್ತಿದ್ದರು ಎಂದದ್ದು ಬಸ್ಸಿನ ಮೇಲಿನ ಗೌರವದಿಂದ; ಏರು ಬಂತೆಂದರೆ ಇಳಿದು ದೂಡುವವರು ನಾವೇ! ಹೀಗಾಗಿ ವನಮಾಲಾ ಶಾಲೆ ಮುಟ್ಟುವಾಗ ಆಗಾಗ ಗಂಟೆ ಹೊಡೆದಾಗಿರುತ್ತಿತ್ತು. ಕುಮಟೆಯಿಂದ ಶಾಲೆ ನೋಡಲು ಬಂದಿದ್ದ ಡೆಪ್ಯುಟಿ ಸಾಹೇಬರು ಖಡಾಖಂಡಿತ ಹೇಳಿ ಹೋಗಿದ್ದರು: "ಇನ್ನೊಮ್ಮೆ ತಡವಾದರೆ ಗೇರುಸೊಪ್ಪೆಗೆ ವರ್ಗ!" ಗೇರುಸೊಪ್ಪೆ ಎಂದರೆ ಹೊನ್ನಾವರದಿಂದ ಹೊಳೆಯ ಮೇಲೆ ದೋಣಿಯಲ್ಲಿ ಹೋಗುವ ಊರು. ವನಮಾಲಾ ಅಲ್ಲಿ, ನಾನು ಇಲ್ಲಿ! ಅವಳಿಲ್ಲದ ಮನೆಯನ್ನು ನೆನೆದರೆ ನನಗೆ ಪೆಟ್ಟಿಗೆಯ ಸ್ವರವೂ ಬೇಡವಾಗುತ್ತಿತ್ತು. ಇದು ತಮಾಷೆಯಲ್ಲ, ನಿಜ.

ಡೆಪ್ಯುಟಿ ಸಾಹೇಬರು ಸೋಮವಾರ ಮತ್ತೆ ಬರುತ್ತಾರೆಂದು ಸುದ್ದಿ ಬಂತು.

"ಸೋಮವಾರ ನಸುಕಿಗೇ ಎದ್ದು ನಡೆದು ಹೋಗ್ತೆ. ಬಸ್ಸಿನ ಹಂಗೇ ಬೇಡ," ಎಂದಳು ವನಮಾಲಾ.

ನೋಡಿ, ಕಥೆ ಇಲ್ಲಿಗೇ ಮುಗಿಯಬಹುದಿತ್ತು. ಆದರೆ ಜಗಲಿಯಲ್ಲಿ ನನ್ನ ಸ್ನೇಹಿತ ನಾಗಪತಿ ಕೂತಿದ್ದ. ಮಿಲಿಟರಿಯಲ್ಲಿ ಲಾರಿ ಹೊಡೆದವ. ಯುದ್ಧ ಮುಗಿದ ಮೇಲೆ ನಮ್ಮ ಪಲ್ಟಣದ ಜೊತೆ ಜಪಾನಿಗೂ ಹೋಗಿ ಬಂದವ.

"ಅಲ್ಲಿ ಹೊಂಡಾ ಅಂತ ಒಬ್ಬವ ಇದ್ನಂತೆ ಮಾರಾಯ," ಎಂದು ಶುರುಮಾಡಿದ. "ಮಿಲ್ಟ್ರಿ ವಾಯರ್‌ಲೆಸ್ಸಿನ ಸಣ್ಣ ಎಂಜಿನ್ನು ತಕಂಡು ಸೈಕಲ್ಲಿಗೆ ಕಟ್ಟಿದ. ಎಂತಕ್ಕೆ ಗೊತ್ತಿತ? ಅವನ ಹೆಂಡ್ತಿ ಮನೆಸಾಮಾನು ತರೂಕೆ ದೂರ ದೂರ ಸೈಕಲ್ ತುಳೀತಿತ್ತು. ಅದರ ಕಷ್ಟ ನೋಡೂಕಾಗ್ದೆ!"

ನನ್ನ ಕಿವಿ ನಿಮಿರಿತು. "ಪೆಟ್ರೋಲು ಎಂತದ್ರಲ್ಲಿ ತುಂಬುದು?"

"ಅದೇ ತಮಾಶೆ! ಚಳಿಗೆ ಹಾಸಿಗೆಲಿ ಬಿಸಿನೀರು ತುಂಬಿ ಇಟ್ಕಳ್ತ್ರಲ್ಲ, ಅದೇ ಟಾಂಕಿ! ಆದ್ರೆ ಅದು ಅಲ್ಲಿ..."

"ಗೊತ್ತಾತು, ಗೊತ್ತಾತು!" ನಾನು ಎದ್ದೇ ನಿಂತೆ. ಎದೆ ತಟ್ಟಿ ಘೋಷಿಸಿದೆ: "ವನಮಾಲಾ, ಕೇಳು! ಸೋಮವಾರ ನೀನು ಶಾಲೆಗೆ ನಡೆದು ಹೋಗುದಲ್ಲ. ಹಾರಿ ಹೋಗುದು! ಹೊಂಡಾನ ಹೆಂಡ್ತಿಗೆ ಇದ್ದ ಭಾಗ್ಯ ನಿನಗಿಲ್ಲ ಅಂದ್ರೆ ನಾನೆಂತ ಗಂಡ?"

"ಹೊಂಡ? ಹೆಸರೇ ಹೊಂಡವಾ?"

"ಹೊಂಡ ಅಲ್ಲ, ಹೊಂಡಾ! ಕೊನೆಗೆ ದೀರ್ಘ ಅದೆ." ಅಕ್ಕೋರಿಗೇ ದೀರ್ಘ ಕಲಿಸಿದ ಆ ಕ್ಷಣದ ಹೆಮ್ಮೆ ನನ್ನ ಜನ್ಮದಲ್ಲಿ ಮತ್ತೆ ಬರಲಿಲ್ಲ.

"ದೀರ್ಘ ಇದ್ರೆ ಹೊಂಡ ಇನ್ನೂ ಆಳ," ಎಂದು ಅವಳು ಒಳಗೆ ಹೋದಳು.

ಒಳಗಿನಿಂದ ಅತ್ತೆ ದುರ್ಗಮ್ಮನವರ ದನಿ ಬಂತು. ಸೊಂಟನೋವಿಗೆ ಮದ್ದು ಮಾಡಿಸಲೆಂದು ಬಂದವರು ನಮ್ಮಲ್ಲೇ ಇದ್ದರು. "ಜಪಾನ್ ಮಾಲಾ? ನಾನೊಂದು ಜಪಾನ್ ಬಾಚಣಿಕೆ ತಕಂಡಿದ್ದೆ. ತಲೆಗೆ ತಾಗೂಕೂ ಮೊದ್ಲೇ ಹಲ್ಲು ಉದುರಿಸ್ತು!" ಈಗಿನವರಿಗೆ ನಂಬಿಕೆ ಬರಲಿಕ್ಕಿಲ್ಲ, ಆಗ ಜಪಾನ್ ಮಾಲು ಎಂಬುದೇ ಒಂದು ಬೈಗುಳ. ಅತ್ತೆ ನನ್ನನ್ನು ಕೂಡ ಎರಡು ಸಲ ಹಾಗೆ ಬೈದಿದ್ದರು!

ಮಿಲಿಟರಿ ಹರಾಜಿನಲ್ಲಿ ಬಂದ ಚಿಕ್ಕ ಎಂಜಿನ್ನೊಂದು ನಾಗಪತಿಯ ಕೊಟ್ಟಿಗೆಯಲ್ಲಿ ಬಿದ್ದಿತ್ತು. ತಂದು ಕೊಟ್ಟ. ಹೊನ್ನಾವರಕ್ಕೆ ಲಾರಿ ಹೊಡೆಯುವ ಗಡಿಬಿಡಿಯಲ್ಲೂ ಬಾಗಿಲಲ್ಲಿ ನಿಂತು, "ಅಣ್ಣಪ್ಪ, ನಿಲ್ಸೂಕೆ ಬೇಕಾದ್ರೆ..." ಎಂದ.

"ಎಂತ ಮಾರಾಯ, ನನಗೆ ಹೇಳ್ತ್ಯ? ಜನ್ಮವೆಲ್ಲ ಪೆಟ್ಟಿಗೆ ಬಿಚ್ಚಿದವ ನಾನು!"

ನನ್ನ ತರ್ಕ ಸರಳವಾಗಿತ್ತು. ಹಾರ್ಮೋನಿಯಂ ಎಂದರೆ ಗಾಳಿ ಒಳಗೆ ಹೋಗುತ್ತದೆ, ಸದ್ದು ಹೊರಗೆ ಬರುತ್ತದೆ. ಎಂಜಿನ್ನೂ ಅಷ್ಟೇ! ಗಾಳಿ ಹಾಕುವ ಕೈ ನಿಂತರೆ ಪೆಟ್ಟಿಗೆ ನಿಲ್ಲುತ್ತದೆ. ತುಳಿಯುವ ಕಾಲು ನಿಂತರೆ ಎಂಜಿನ್ನು ನಿಲ್ಲುತ್ತದೆ. ಇದಕ್ಕೆ ಮಿಲಿಟರಿಗೆ ಹೋಗಬೇಕೇ? ಬ್ರೇಕಿನ ಕಡ್ಡಿ ಎಂಜಿನ್ನಿಗೆ ಅಡ್ಡ ಬರುತ್ತಿತ್ತು. ಅದನ್ನೂ ಬಿಚ್ಚಿ ಅಟ್ಟಕ್ಕೆ ಹಾಕಿದೆ.

ಉಳಿದದ್ದು ಟಾಂಕಿ. ಮನೆಯಲ್ಲಿ ಬಿಸಿನೀರು ತುಂಬುವ ವಸ್ತು ಒಂದೇ, ಅತ್ತೆಯ ರಬ್ಬರ್ ಚೀಲ. ಕುಮಟೆಯ ಔಷಧದಂಗಡಿಯಿಂದ ತರಿಸಿದ್ದು. ಅವರು ಅದನ್ನು ಸೊಂಟಕ್ಕೆ ಇಟ್ಟುಕೊಳ್ಳುತ್ತಿದ್ದರೋ, ಸೊಂಟವನ್ನೇ ಅದರ ಮೇಲೆ ಇಟ್ಟುಕೊಳ್ಳುತ್ತಿದ್ದರೋ, ಅಂತೂ ಎರಡೂ ಬೇರೆ ಆದದ್ದನ್ನು ನಾನು ಕಂಡಿಲ್ಲ. ಭಾನುವಾರ ಮಧ್ಯಾಹ್ನ ಅವರು ಗೊರಕೆ ಹೊಡೆಯುವಾಗ ಮೆಲ್ಲಗೆ ಎಳೆದುಕೊಂಡೆ. ಬದಲಿಗೆ ಬಿಸಿ ಮರಳಿನ ಗಂಟೊಂದನ್ನು ಇಟ್ಟೆ. ಎಂಥ ಕೈಚಳಕ! ಚೀಲಕ್ಕೆ ಪೆಟ್ರೋಲು ತುಂಬಿ, ನಳಿಗೆ ಸಿಕ್ಕಿಸಿ, ಸೈಕಲ್ಲಿನ ಹ್ಯಾಂಡಲ್ಲಿಗೆ ಕಟ್ಟಿದೆ. ಪರೀಕ್ಷೆ ಮಾಡಿ ನೋಡುವಷ್ಟು ಪೆಟ್ರೋಲು ಇರಲಿಲ್ಲ. ಪರೀಕ್ಷೆ ಬೇಕೆಂದು ನನಗೆ ಅನಿಸಲೂ ಇಲ್ಲ.

ಸೋಮವಾರ ಬೆಳಿಗ್ಗೆ ನೋಡುತ್ತೇನೆ, ಚೀಲ ಊದಿಕೊಂಡು ಎಳೆ ಹಲಸಿನಕಾಯಿಯಷ್ಟಾಗಿದೆ! ಮುಟ್ಟಿದರೆ ಬೆರಳಿಗೆ ಅಂಟುತ್ತದೆ.

"ಇದೆಂತ, ಬಸುರಿ ಆದಾಂಗೆ ಕಾಣ್ತದೆ?" ಎಂದಳು ವನಮಾಲಾ.

"ಶಕ್ತಿ! ಒಳಗೆ ಶಕ್ತಿ ತುಂಬ್ಕಂಡದೆ!" ಎಂದೆ.

ಅವಳು ಕೊಡೆ ಹಿಡಿದು ಕ್ಯಾರಿಯರಿನ ಮೇಲೆ ಕೂತಳು. ಅಷ್ಟರಲ್ಲಿ ಅತ್ತೆ ಹೊರಗೆ ಬಂದರು. ಹ್ಯಾಂಡಲ್ಲು ಕಂಡರು. "ನನ್ನ ಚೀಲ!" ಎಂದು ಕೂಗುತ್ತ, ಸೊಂಟ ಹಿಡಿದು ಏಳಲೂ ಆಗದವರು ಗದ್ದೆಯ ಅಂಚಿನವರೆಗೆ ನಮ್ಮನ್ನು ಅಟ್ಟಿಸಿಕೊಂಡು ಬಂದರು! ನಾನು ಜೀವ ಬಿಟ್ಟು ತುಳಿದೆ. ಆ ರಭಸಕ್ಕೆ ಎಂಜಿನ್ನು ಒಮ್ಮೆ ಸೀನಿತು, ಎರಡು ಸಲ ಕೆಮ್ಮಿತು, ಆಮೇಲೆ ಪಟಪಟಪಟ ಎಂದು ಹಾಡತೊಡಗಿತು.

ಆಹಾ! ಏನು ಸವಾರಿ! ಭಟ್ಕಳದ ಹತ್ತಿರ ಏರಿನಲ್ಲಿ ಇದ್ದಲು ಬಸ್ಸು ನಿಂತಿತ್ತು. ದೂಡುತ್ತಿದ್ದವರೆಲ್ಲ ದೂಡುವುದು ಬಿಟ್ಟು ಬಾಯಿ ತೆರೆದು ನೋಡಿದರು. ಕೊಂಕಣಿಯಲ್ಲೊಬ್ಬ, ಉರ್ದುವಿನಲ್ಲೊಬ್ಬ ಏನೋ ಕೂಗಿದರು. ಹೊಗಳಿಕೆ ಎಂದೇ ನಾನು ತಿಳಿದುಕೊಂಡೆ. ಮುಟ್ಟಳ್ಳಿಯ ಶಾಲೆಯ ಹೆಂಚು ಕಂಡಿತು. ಗಂಟೆ ಇನ್ನೂ ಹೊಡೆದಿಲ್ಲ! ಗೇರುಸೊಪ್ಪೆ ತಪ್ಪಿತು! ಹೆಂಡತಿಯ ಮೇಲೆ ಪ್ರೀತಿಯಿದ್ದ ಆ ದೂರದ ಜಪಾನಿಗನನ್ನು ನೆನೆದು, ಗಂಟಲು ಹರಿಯುವಂತೆ ಜಯಕಾರ ಹಾಕಿದೆ:

"ಹೊಂಡಾ! ಹೊಂಡಾ!"

ಕಾಲು ತುಳಿಯುವುದನ್ನು ನಿಲ್ಲಿಸಿದೆ. ಎಂಜಿನ್ನು ನಿಲ್ಲಲಿಲ್ಲ. ಮತ್ತೂ ಜೋರಾಯಿತು! ಶಾಲೆ ಬಂತು. ಶಾಲೆ ಹೋಯಿತು. ಬ್ರೇಕು ಒತ್ತಿದೆ. ಬ್ರೇಕು ಅಟ್ಟದಲ್ಲಿತ್ತು.

"ಗಾಬರಿ ಮಾಡ್ಬೇಡ ವನಮಾಲಾ! ಗಟ್ಟಿ ಹಿಡ್ಕ! ಈಗ ನಿಲ್ಲಿಸ್ತೆ!" ಎಂದೆ. ಅವಳು ಮಾತಾಡಲಿಲ್ಲ. ಎಂಥ ಧೈರ್ಯದ ಹೆಂಗಸು! ಅವಳ ಮನಸ್ಸು ಹಗುರಾಗಲೆಂದು ಜಪಾನಿನ ಯಂತ್ರವಿದ್ಯೆಯ ಬಗ್ಗೆ ನಾಲ್ಕು ಮಾತು ಹೇಳಿದೆ. ಮುಂದೆ ಈ ಗಾಡಿಯಲ್ಲೇ ಕುಮಟೆಗೆ ಕರೆದುಕೊಂಡು ಹೋಗಿ ಸೀರೆ ಕೊಡಿಸುತ್ತೇನೆಂದೂ ಹೇಳಿದೆ. ಸೀರೆ ಎಂದರೂ ಮಾತಿಲ್ಲ! ಆಗಲಾದರೂ ನನಗೆ ಅನುಮಾನ ಬರಬೇಕಿತ್ತು.

ರಸ್ತೆಯ ಪಕ್ಕದ ಗದ್ದೆಯಲ್ಲಿ ಕೆಲಸ ಮಾಡುತ್ತಿದ್ದ ಹೆಂಗಸರು ತಲೆಯೆತ್ತಿದರು. ಅವರಲ್ಲಿ ಮುಂದೆ ನಿಂತಿದ್ದ ಗಂಗಿ ಎಂಬವಳು ಕೈ ಬೀಸಿ ಕೂಗಿದಳು:

"ಹೊಂಡ! ಹೊಂಡ!"

ನೀವೇ ಹೇಳಿ, ಯಾರಿಗಾದರೂ ಹೆಮ್ಮೆಯಾಗುವುದಿಲ್ಲವೇ? ಜಪಾನಿನ ಕೀರ್ತಿ ಇಷ್ಟು ಬೇಗ ಮುಟ್ಟಳ್ಳಿಯ ಗದ್ದೆಗೂ ಮುಟ್ಟಿತೇ! ನಾನು ಒಂದು ಕೈಯೆತ್ತಿ ನಗುತ್ತ ಅವರ ಜಯಕಾರವನ್ನು ಸ್ವೀಕರಿಸಿದೆ. ಅದೇ ಭಂಗಿಯಲ್ಲಿ, ರಸ್ತೆಗೆಂದು ಮಣ್ಣು ತೆಗೆದು ಮಳೆನೀರು ತುಂಬಿದ್ದ ಹೊಂಡದೊಳಕ್ಕೆ ಇಳಿದುಹೋದೆ.

ಎದ್ದೆ. ಎದೆಯುದ್ದ ಕೆಸರು. ಸುತ್ತ ನೋಡಿದೆ. ವನಮಾಲಾ ಇಲ್ಲ!

ಆಗ ನಾನು ಮಾಡಿದ್ದನ್ನು ಹೇಳಿದರೆ ನೀವು ನಗಬಾರದು. "ನನ್ನ ಹೆಂಡ್ತಿ! ಹಿಂದೆ ಕೂತಿತ್ತು! ಹೊಂಡದಲ್ಲಿ ಅದೆ!" ಎಂದು ಬಾಯಿ ಬಡಿದುಕೊಂಡೆ. ಗಂಗಿ ಮತ್ತು ಉಳಿದವರು ಧುಮುಕಿದರು. ಅದೇ ಹೊತ್ತಿಗೆ ಕುಮಟೆ ಕಡೆಯಿಂದ ಕಾರೊಂದು ಬಂದು ನಿಂತಿತು. ಬಿಳಿ ಪ್ಯಾಂಟಿನ ಸಾಹೇಬರೊಬ್ಬರು ಇಳಿದು, "ಏನದು?" ಎಂದರು. ಕೇಳಿದವರೇ ಕೈಕೋಲು ಹಿಡಿದು ಮೊಣಕಾಲವರೆಗೆ ಇಳಿದೇಬಿಟ್ಟರು. ಅವರ ಪಟ್ಟೆವಾಲ ಜವಾನನೂ ಇಳಿದ. ಎಲ್ಲರೂ ಕೆಸರು ತಡಕಿದ್ದೇ ತಡಕಿದ್ದು! ನನ್ನ ಒಂದು ಚಪ್ಪಲಿ ಸಿಕ್ಕಿತು. ಆಮೇಲೆ ಗಂಗಿ ಮೆತ್ತಗಿನ, ದಪ್ಪದ ಏನನ್ನೋ ಹಿಡಿದು ಕಿಟಾರನೆ ಕಿರುಚಿದಳು. ನೋಡಿದರೆ ಅತ್ತೆಯ ಚೀಲ.

"ಹೆಂಗಸು ನೋಡಲಿಕ್ಕೆ ಹೇಗಿದ್ದಾರೆ? ಹೆಸರೇನು?" ಎಂದರು ಸಾಹೇಬರು.

"ವನಮಾಲಾ ಸ್ವಾಮೀ, ಈ ಶಾಲೆಯ ಅಕ್ಕೋರು!"

ಸಾಹೇಬರ ಕೈಕೋಲು ಕೆಸರಲ್ಲೇ ನಿಂತಿತು. ಅಷ್ಟರಲ್ಲಿ ಶಾಲೆಯ ಕಡೆಯಿಂದ ಗಾಳಿಯಲ್ಲಿ ತೇಲಿ ಬಂತು, ಮಕ್ಕಳ ರಾಗ: "ಉ ಹ್ರಸ್ವ... ಊ ದೀರ್ಘ..." ಮಕ್ಕಳಿಗಿಂತ ಮುಂದೆ ಒಂದು ದನಿ. ಹದಿನಾರು ಪೆಟ್ಟಿಗೆ ಒಟ್ಟಿಗೆ ಬಾರಿಸಿದರೂ ಆ ದನಿಯನ್ನು ನಾನು ಗುರುತಿಸಬಲ್ಲೆ! ನಾನು ಕೆಸರಲ್ಲೇ ನಿಂತು ಅತ್ತುಬಿಟ್ಟೆ. ಸಂತೋಷದಿಂದ.

ಸಾಹೇಬರು ತಮ್ಮ ಪ್ಯಾಂಟು ನೋಡಿಕೊಂಡರು. ಆಮೇಲೆ ನನ್ನನ್ನು ನೋಡಿದರು.

ಶಾಲೆಯ ಬಾಗಿಲಲ್ಲಿ ವನಮಾಲಾ ಕೈಮುಗಿದು ನಿಂತಿದ್ದಳು. ಸೀರೆಗೆ ಒಂದು ಹನಿ ಕೆಸರಿಲ್ಲ. "ಬನ್ನಿ ಡೆಪ್ಯುಟಿ ಸಾಹೇಬ್ರೆ. ಗಂಟೆ ಹೊಡ್ದು ಬಾಳ ಹೊತ್ತಾತು," ಎಂದಳು. ಹಿಂದೆ ನಿಂತ ನನ್ನನ್ನು ಕಂಡು, "ನೀವು ಹೊಂಡ ಹೊಂಡ ಅಂತ ಕೂಗಿದ್ರಿ. ಇವರು ಇಷ್ಟೊಳ್ಳೆ ಎಚ್ಚರಿಕೆ ಕೊಟ್ರಲ್ಲ ಅಂತ ಹಾರ್ಕಂಡೆ," ಎಂದಳು.

"ಅದಕ್ಕೆ ದೀರ್ಘ ಇತ್ತು!" ಎಂದೆ ಕ್ಷೀಣವಾಗಿ.

ಡೆಪ್ಯುಟಿ ಸಾಹೇಬರು ಮೊದಲು ಕೆಮ್ಮಿದರು, ಆಮೇಲೆ ತಡೆಯಲಾರದೆ ನಕ್ಕರು, ಬೆಂಚಿನ ಮೇಲೆ ಕೂತು ನಕ್ಕರು. "ಇವತ್ತು ತಡವಾಗಿ ಬಂದವನು ನಾನು. ಅಕ್ಕೋರು ಮುಟ್ಟಳ್ಳಿಯಲ್ಲೇ ಇರಲಿ. ಗೇರುಸೊಪ್ಪೆಗೆ ಕಳಿಸಿದರೆ ಈ ಮನುಷ್ಯ ಹೊಳೆಯ ಮೇಲೂ ಇದನ್ನು ಓಡಿಸಿಯಾನು!"

ಸಂಜೆ ನಾಗಪತಿ ಬಂದ. ವನಮಾಲಾ ಅವನನ್ನು ಕೂರಿಸಿ ಮಾತು ಪೂರ್ತಿ ಮಾಡಿಸಿದಳು. ಜಪಾನಿನ ಆ ಬಿಸಿನೀರ ಡಬ್ಬ ತಗಡಿನದಂತೆ! ರಬ್ಬರು ಪೆಟ್ರೋಲಿಗೆ ಕರಗುತ್ತದಂತೆ! ಎಂಜಿನ್ನು ನಿಲ್ಲಿಸಲು ಒಂದು ವಾಯರು ಎಳೆದರೆ ಸಾಕಂತೆ! ಅವಳು ಎಲ್ಲಕ್ಕೂ ತಲೆದೂಗುತ್ತಿದ್ದಳು. ನಾನು ಅತ್ತೆಯ ಸೊಂಟಕ್ಕೆ ಮರಳು ಬಿಸಿ ಮಾಡುತ್ತ ಒಲೆಯ ಮುಂದೆ ಕೂತಿದ್ದೆ. ಓಡಿದ್ದರಿಂದ ಸೊಂಟ ಸಡಿಲಾಯಿತೆಂದು ಅವರೂ ಒಪ್ಪಿದ್ದರು, ಆದರೆ ಮರಳು ಮಾತ್ರ ಬಿಡಲಿಲ್ಲ.

ದೀಪಾವಳಿ ರಜೆಯೆಲ್ಲ ನಾನು ಪೆಟ್ಟಿಗೆ ರಿಪೇರಿಗೆಂದು ಊರೂರು ತಿರುಗಿ, ಶಾಲೆ ತೆರೆಯುವ ದಿನ ಬೆಳಿಗ್ಗೆ ಬರುತ್ತೇನೆ, ಅಂಗಳದಲ್ಲಿ ಸೈಕಲ್ಲು ಫಳಫಳ ಹೊಳೆಯುತ್ತಿದೆ. ಅಟ್ಟದ ಬ್ರೇಕು ಕೆಳಗಿಳಿದಿದೆ. ಹ್ಯಾಂಡಲ್ಲಿಗೆ ಅತ್ತೆ ತವರಿನಿಂದ ತಂದ ತಾಮ್ರದ ಗಿಂಡಿ, ಬಾಯಿಗೆ ಭದ್ರ ಮುಚ್ಚಳ, ಅದರ ಸೊಂಡಿಲಿಗೆ ಸಣ್ಣ ನಳಿಗೆ! ಸೀಟಿನ ಮೇಲೆ ಕಚ್ಚೆ ಕಟ್ಟಿ ಸೀರೆಯುಟ್ಟ ವನಮಾಲಾ. ಶಾಲೆಯ ಬಯಲಿನಲ್ಲಿ ನಾಗಪತಿಯ ಹೆಂಡತಿಯೂ ಅವಳೂ ಸೇರಿ ಬೀಳದಂತೆ ಓಡಿಸಲು ಕಲಿತುಬಿಟ್ಟಿದ್ದರು!

"ಹಿಂದೆ ಕೂತ್ಕಳಿ," ಎಂದಳು.

"ನಾನು ಎಂತ ಮಾಡುದು?"

"ಬಾಯಿ ಮುಚ್ಕಂಡಿದ್ರೆ ಆತು. ನಾ ದೀರ್ಘ ಹಾಕಿ ಹೊಂಡಾ ಅಂದ್ರೆ ಜಪಾನಿನವ, ಗಟ್ಟಿ ಹಿಡ್ಕಳಿ. ದೀರ್ಘ ಇಲ್ದೆ ಹೊಂಡ ಅಂದ್ರೆ ನಮ್ಮೂರಿಂದು, ಹಾರಿ!"

ಗಾಡಿ ಹೊರಟಿತು. ಕೆಮ್ಮಿಲ್ಲ, ಸೀನಿಲ್ಲ. ಅತ್ತೆ ಜಗಲಿಯಿಂದಲೇ, "ಜಪಾನ್ ಮಾಲು ಅಡ್ಡಿಲ್ಲ!" ಎಂದರು. ಭಟ್ಕಳ ದಾಟಿತು, ತಂಪು ಗಾಳಿ, ಎರಡೂ ಕಡೆ ಹಣ್ಣಾಗುತ್ತಿದ್ದ ಗದ್ದೆ. ಮುಟ್ಟಳ್ಳಿಯ ಶಾಲೆಯ ಹೆಂಚು ಕಂಡಿತು. ವನಮಾಲಾ ಮುಂದಿನಿಂದ ಗಟ್ಟಿಯಾಗಿ ಏನೋ ಕೂಗಿದಳು.

ನಾನು ಹಾರಿದೆ.

ಚರಂಡಿಯಿಂದ ತಲೆಯೆತ್ತಿ ನೋಡುತ್ತೇನೆ, ರಸ್ತೆ ಅಂಗೈಯಂತೆ ಸಪಾಟು! ಗಾಡಿ ಶಾಲೆಯ ಮುಂದೆ ನೆಟ್ಟಗೆ ನಿಂತಿದೆ, ಹೆಂಡತಿ ಕೊಡೆ ಬಿಡಿಸುತ್ತಿದ್ದಾಳೆ.

"ಅದಕ್ಕೆ ದೀರ್ಘ ಇತ್ತು ಮಾರಾಯ್ರೆ!" ಎಂದಳು.