ಬುಧವಾರದ ಮೊಟ್ಟೆ

ಕೃಷ್ಣಕುಮಾರನ ಕಷ್ಟಕ್ಕೆಲ್ಲ ಮೂಲ ಬುಧವಾರದ ಮೊಟ್ಟೆ. ವಸಂತನರಸಾಪುರದಲ್ಲಿ ಅವನು ದುಡಿಯುವ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಬುಧವಾರ ಮೊಟ್ಟೆ ಸಾರು. ತಲೆಗೊಂದೇ ಮೊಟ್ಟೆ. ಅದನ್ನೂ ಪಾಪದವನು ಕಂಬದ ಮರೆಯಲ್ಲಿ ಕೂತು ನುಂಗುತ್ತಿದ್ದ. ತುಮಕೂರಿನಲ್ಲಿ ನಾಲ್ಕು ತಿಂಗಳು ಚಪ್ಪಲಿ ಸವೆಸಿ ಹಿಡಿದ ಬಾಡಿಗೆ ಮನೆಯ ಓನರ್ ಮಹಾಲಿಂಗಯ್ಯನವರು ಕರಾರುಪತ್ರದಲ್ಲೇ ಬರೆಸಿಕೊಂಡಿದ್ದರು: ಮಾಂಸ, ಮೀನು, ಮೊಟ್ಟೆ ಮನೆಯೊಳಗೂ ಕೂಡದು, ಹೊಟ್ಟೆಯೊಳಗೂ ಕೂಡದು. ಮಗಳ ಶಾಲೆ ಎದುರಿಗೇ ಇತ್ತು, ನಲ್ಲಿಯಲ್ಲಿ ದಿನಾ ನೀರು ಬರುತ್ತಿತ್ತು. ಕೃಷ್ಣಕುಮಾರ ಕಣ್ಣು ಮುಚ್ಚಿಕೊಂಡು ಸಹಿ ಹಾಕಿದ್ದ.

ಆ ಗುರುವಾರ ಅವನಿಗೆ ವಾರದ ರಜೆ. ಬೆಳಗ್ಗೆಯೇ ಬೀದಿಗೆ ಸರ್ವೆಯವರು ಬಂದರು. ದೇಶದ ಜನರ ಊಟದಲ್ಲಿ ಬಿ ವಿಟಮಿನ್ ಎಷ್ಟಿದೆ ಎಂದು ನೋಡುವ ಸರ್ವೆಯಂತೆ. ಊಟದ ವಿವರ ಕೇಳಿ, ರಕ್ತವನ್ನೂ ತೆಗೆದುಕೊಂಡು ಹೋಗಿ, ಸಾಯಂಕಾಲಕ್ಕೇ ವರದಿ ಕೊಡುತ್ತಾರಂತೆ. ಕೃತಿಕಾ ಎಂಬ ಹುಡುಗಿ ಓನರ್ ಮನೆಯ ಜಗಲಿಯ ಮೇಲೆ ಮೇಜು ಹಾಕಿಕೊಂಡು ಒಬ್ಬೊಬ್ಬರನ್ನೇ ವಿಚಾರಿಸತೊಡಗಿದಳು.

"ನಿನ್ನೆ ಮಧ್ಯಾಹ್ನ ಏನ್ ಊಟ ಮಾಡಿದ್ರಿ ಸಾರ್?"

ನಿನ್ನೆ ಬುಧವಾರ! ಮಹಾಲಿಂಗಯ್ಯನವರು ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದರು.

"ಅನ್ನ, ಸಾರು," ಎಂದ ಕೃಷ್ಣಕುಮಾರ.

"ಏನ್ ಸಾರು?"

"ಬದನೆಕಾಯಿ. ಬಿಳೀದು. ಗುಂಡಗೆ ಇರ್ತದಲ್ಲ, ಅದು."

ಎದುರುಮನೆಯ ಕೊಲ್ಲಾಪುರಮ್ಮ ಕಿಸಕ್ಕೆಂದು ನಕ್ಕರು. ಬೀದಿಯ ಯಾವ ಕುಕ್ಕರ್ ಎಷ್ಟು ಕೂಗಿತೆಂಬುದೂ ಅವರಿಗೆ ಗೊತ್ತು. "ಬಾಯಿ ಏನ್ ಬೇಕಾದ್ರೂ ಹೇಳ್ತದೆ ಕಣಮ್ಮ, ರಕ್ತ ಸುಳ್ಳು ಹೇಳ್ತದಾ? ಬಿ ಟ್ವೆಲ್ ಅನ್ನೋದು ಸೊಪ್ಪು ಕಾಳಲ್ಲಿ ಇರಕ್ಕಿಲ್ವಂತೆ. ಬಾಡು, ಮೊಟ್ಟೆ ತಿಂದೋರ್ ರಕ್ತದಲ್ಲೇ ಜಾಸ್ತಿಯಂತೆ. ನನ್ ಮೊಬೈಲ್‌ಗೆ ಬಂದಿತ್ತು."

"ಒಳ್ಳೇದೇ ಆಯ್ತು ಬುಡು," ಎಂದರು ಮಹಾಲಿಂಗಯ್ಯ, ಬಾಡಿಗೆದಾರನನ್ನೇ ನೋಡುತ್ತ. "ಯಾರ್ಯಾರು ಏನೇನ್ ತಿಂತವ್ರೆ ಅಂತ ಸಾಯಂಕಾಲ ಗೊತ್ತಾಗ್ತದೆ."

 ಮನೆ ಹೋಯಿತು, ಶಾಲೆ ಹೋಯಿತು, ನಲ್ಲಿ ನೀರೂ ಹೋಯಿತು ಎಂದುಕೊಂಡ ಕೃಷ್ಣಕುಮಾರ. ಅಷ್ಟರಲ್ಲಿ ಕೃತಿಕಾ, "ಸಾರ್, ನಮ್ ಜೊತೆಯವ್ರು ಬಂದಿಲ್ಲ. ನಾನು ರಕ್ತ ತೆಗೀತೀನಿ, ನಂಬರ್ ಹೇಳ್ತೀನಿ, ನೀವು ಹೆಸರು ಬರ್ಕೊಳ್ತೀರಾ?" ಎಂದು ಪುಸ್ತಕ ಕೊಟ್ಟಳು.

ಏಳನೇ ಟ್ಯೂಬು ಮಹಾಲಿಂಗಯ್ಯನವರದು. ಎಂಟನೆಯದು ಅವನದು. ಹುಟ್ಟಿದಾಗಿನಿಂದ ಮೊಟ್ಟೆಯ ಮುಖ ನೋಡದ ಮನುಷ್ಯನ ರಕ್ತಕ್ಕಿಂತ ಶುದ್ಧವಾದದ್ದು ಎಲ್ಲಿ ಸಿಗಬೇಕು? ಕೃಷ್ಣಕುಮಾರ ಏಳರ ಮುಂದೆ ತನ್ನ ಹೆಸರು ಬರೆದ, ಎಂಟರ ಮುಂದೆ ಓನರದು. ಪಾಪ ಎನಿಸಿತು, ನಿಜ. ಆದರೆ ಓನರ್ ತನ್ನ ಮನೆಯಿಂದ ತನ್ನನ್ನೇ ಖಾಲಿ ಮಾಡಿಸುವುದಿಲ್ಲವಲ್ಲ!

ಸಾಯಂಕಾಲ ಕೃತಿಕಾ ವರದಿ ಹಿಡಿದು ಬಂದಳು. ಒಬ್ಬೊಬ್ಬರಿಗೇ ಗುಟ್ಟಾಗಿ ಕೊಡಬೇಕೆಂದಿದ್ದಳು. ಕೊಲ್ಲಾಪುರಮ್ಮ ಬಿಟ್ಟಾರೆಯೇ? ಕೃಷ್ಣಕುಮಾರನ ಕಾಗದ ಕಿತ್ತುಕೊಂಡು ಜೋರಾಗಿ ಓದಿದರು.

"ಸಾವಿರದ ಇನ್ನೂರು! ಅಯ್ಯಯ್ಯಪ್ಪ, ವಾರಕ್ಕೆರಡು ಸಲ ಬಾಡು ತಿನ್ನೋ ನಂಗೇ ಮುನ್ನೂರು ಐತೆ!"

ಬೀದಿಯವರೆಲ್ಲ ಕೃಷ್ಣಕುಮಾರನತ್ತ ತಿರುಗಿದರು. ಕೃತಿಕಾ ಹುಬ್ಬೇರಿಸಿದಳು. "ಹಾಲು ಮೊಸರು ತುಂಬಾ ತಗೋತೀರಾ ಸಾರ್?"

"ಅವ್ರ ಮನೆಗೆ ಬರೋದು ಅರ್ಧ ಲೀಟರ್," ಎಂದರು ಕೊಲ್ಲಾಪುರಮ್ಮ.

"ಹಂಗಾದ್ರೆ ಬಿ ಟ್ವೆಲ್ ಇಂಜೆಕ್ಷನ್ ಏನಾದ್ರೂ ತಗೊಂಡಿದ್ರಾ?"

"ಇವ್ರಾ?" ಹೆಂಡತಿ ಪ್ರಮೀಳಾ ಬಾಯಿ ಹಾಕಿದಳು. "ಸೂಜಿ ಕಂಡ್ರೆ ಮಾರು ದೂರ ಓಡ್ತಾರೆ!"

ಮಹಾಲಿಂಗಯ್ಯ ಎದ್ದು ನಿಂತರು. "ಕೃಷ್ಣಕುಮಾರಾ, ಈ ತಿಂಗಳ ಕೊನೇಗೆ..."

"ಒಂದ್ನಿಮಿಷ ಸಾರ್," ಎಂದಳು ಕೃತಿಕಾ. "ನಿಮ್ದು ನೂರ ನಲವತ್ತೇ ಇದೆ. ತೀರಾ ಕಮ್ಮಿ."

"ಕಮ್ಮೀನಾ? ಅದೆಂಗಮ್ಮ? ಕಾಲು ಜೋಮು ಹಿಡೀತದೆ ಅಂತ ಹೋದ ತಿಂಗಳೆಲ್ಲಾ ಬಿ ಟ್ವೆಲ್ ಇಂಜೆಕ್ಷನ್ನೇ ಚುಚ್ಚಿಸ್ಕೊಂಡಿದೀನಿ. ಹತ್ತು!"

ಕೃಷ್ಣಕುಮಾರನ ತಲೆಯಲ್ಲಿ ದೀಪ ಹತ್ತಿತು. ಆ ನೂರ ನಲವತ್ತು ತನ್ನದು! ಅಷ್ಟು ಹೆದರಿಕೊಂಡು ತಿಂದ ಮೊಟ್ಟೆಗಳು ರಕ್ತದ ಲೆಕ್ಕಕ್ಕೇ ಬಂದಿರಲಿಲ್ಲ. ಸುಮ್ಮನಿದ್ದಿದ್ದರೆ ಯಾವ ತಂಟೆಯೂ ಇರುತ್ತಿರಲಿಲ್ಲ.

"ಏಳು, ಎಂಟು ಅದಲು ಬದಲಾಗಿದೆ ಸಾರ್!" ಎಂದು ಕೂಗಿದ. "ನಾನೇ ಬರ್ದಿದ್ದು. ಕೈ ತಪ್ಪಿಹೋಯ್ತು."

ಕೃತಿಕಾ ಪುಸ್ತಕ ನೋಡಿ, ಟ್ಯೂಬು ತೆಗೆದ ಸಾಲು ನೆನಪಿಸಿಕೊಂಡು, ಹೌದೆಂದಳು. ಮಹಾಲಿಂಗಯ್ಯನವರ ಕಣ್ಣು ತುಂಬಿ ಬಂತು. ಬಾಡಿಗೆದಾರನ ಎರಡೂ ಕೈ ಹಿಡಿದುಕೊಂಡರು.

"ನೂರ ನಲವತ್ತು! ಇಂಥ ಶುದ್ಧವಾದ ಮನುಷ್ಯನ ಮೇಲೆ ಅನುಮಾನಪಟ್ನಲ್ಲಪ್ಪಾ. ನೀನಿರೋವರೆಗೂ ಈ ಮನೆ ನಿಂದೇ. ನಾಳೆಯಿಂದ ದಿನ ಬಿಟ್ಟು ದಿನ ನಾನೇ ಕರ್ಕೊಂಡೋಗಿ ಇಂಜೆಕ್ಷನ್ ಹಾಕುಸ್ತೀನಿ. ಆ ಕ್ಯಾಂಟೀನಲ್ಲಿ ಯಾವ ಸೌಟು ಯಾವ ಪಾತ್ರೆಗೆ ಹಾಕ್ತಾರೋ ಏನೋ, ಇನ್ಮೇಲೆ ಮಧ್ಯಾಹ್ನದ ಊಟ ನಮ್ಮನೇದೇ. ಡಬ್ಬಿ ಕಳಿಸ್ತೀನಿ."

ಕೃಷ್ಣಕುಮಾರ ಮೆಲ್ಲಗೆ ಕೈ ಬಿಡಿಸಿಕೊಂಡ. "ದಿನಾನೂ ಯಾಕೆ ಸಾರ್ ತೊಂದ್ರೆ? ಬುಧವಾರ ಒಂದಿನ ಬೇಡ ಬಿಡಿ."

"ಬುಧವಾರ ತಪ್ಸೋ ಹಂಗೇ ಇಲ್ಲ," ಎಂದರು ಮಹಾಲಿಂಗಯ್ಯ. "ಅವತ್ತು ನಮ್ಮನೇಲಿ ಬದನೆಕಾಯಿ ಸಾರು. ನಿಂಗೆ ಇಷ್ಟ ಅಲ್ವಾ?"