ಸೀಡರ್ ಬ್ರೇಕ್ಸಿನಲ್ಲಿ ಕಣ್ಕಟ್ಟು

ವರ್ಲಾಳ ತೆರೆದ ಬಾಯಿ ಒಂದು ಸಲವಾದರೂ ಮಾತಿಲ್ಲದೆ ತೆರೆದೇ ಇರಬೇಕು, ಅದೂ ನನ್ನ ಕೈಯಿಂದಲೇ ಆಗಬೇಕು ಎಂದು ಶಪಥ ಮಾಡಿದೆ!

ವರ್ಲಾ ನನ್ನ ಹೆಂಡತಿ ನೆಡ್ರಾಳ ಅಕ್ಕ, ಕ್ಯಾನ್ಸಸ್‌ನವಳು. ಅವರೂರು ಎಷ್ಟು ಸಪಾಟೆಂದರೆ, ನಾಳೆ ಬರುವ ನೆಂಟರು ಇವತ್ತೇ ಕಾಣುತ್ತಾರೆ. ಬೆಟ್ಟದ ಬುಡದಲ್ಲಿರುವ ಪರೋವನ್ನಿನ ನಮ್ಮ ಮನೆಗೆ ಬಂದ ದಿನದಿಂದ ತಂಗಿಗೆ ಒಂದೇ ಪಾಠ: ಮನೆ ಮಾರಿ ನಮ್ಮೂರಿಗೆ ಬನ್ನಿ, ಈ ಕೆಂಪು ಕಲ್ಲಲ್ಲಿ ಏನಿದೆ, ಕ್ಯಾಲೆಂಡರಿನಲ್ಲಿ ಬೇಕಾದಷ್ಟು ನೋಡಿದ್ದೇನೆ. ಮೊದಮೊದಲು ನಗುತ್ತಿದ್ದ ನೆಡ್ರಾ ಈಚೆಗೆ ಹೌದೆಂದು ತಲೆಯಾಡಿಸತೊಡಗಿದ್ದಳು. 

ಮೂವತ್ತು ವರ್ಷ ಸೀಡರ್ ಬ್ರೇಕ್ಸ್ ಎಂಬ ಆ ಕೆಂಪು ಕಲ್ಲಿನ ಕಣಿವೆಗೆ ಹೋಗುವ ಬೆಟ್ಟದ ರಸ್ತೆಯ ಹಿಮ ಗೋರಿದವನು ನಾನು. ಅಲ್ಲಿಯ ಬಂಡೆಗಳನ್ನು ಕೊರೆದದ್ದು ನೀರೇ ಇರಬಹುದು, ಮೇಲ್ವಿಚಾರಣೆ ಮಾತ್ರ ನನ್ನದು!

ಕಣಿವೆಯ ಅಂಚಿನವರೆಗೂ ವರ್ಲಾಳ ಕಣ್ಣು ಕಟ್ಟಿ ಕರೆದೊಯ್ದು ಒಮ್ಮೆಲೇ ಬಿಚ್ಚುವುದೆಂದು ಯೋಜಿಸಿದೆ. ಜುಲೈ ತಿಂಗಳ ಒಂದು ಬೆಳಿಗ್ಗೆ ನೆಡ್ರಾಳ ಉಣ್ಣೆ ಶಾಲನ್ನು ಕಣ್ಣಿಗೆ ಕಟ್ಟಿ ವರ್ಲಾಳನ್ನು ಗಾಡಿಯ ಹಿಂದಿನ ಸೀಟಿನಲ್ಲಿ ಕೂರಿಸಿ, ಮಡಿಲಲ್ಲಿ ಚಿಪ್ಸ್ ಪೊಟ್ಟಣ ಇಟ್ಟೆ. ಅದೇ ತಪ್ಪಾಯಿತು. ಎತ್ತರಕ್ಕೆ ಹೋದಂತೆ ಪೊಟ್ಟಣ ಉಬ್ಬಿತು, ಒಂಬತ್ತು ಸಾವಿರ ಅಡಿಯ ಮೇಲೆ ಢಮಾರ್ ಎಂದಿತು. ಯಾರೋ ಗುಂಡು ಹಾರಿಸಿದರೆಂದು ವರ್ಲಾ ನನ್ನ ಎರಡೂ ಕಿವಿ ಹಿಡಿದುಕೊಂಡಳು. ಮುಂದಿನ ಎರಡು ತಿರುವಿನಲ್ಲಿ ಗಾಡಿ ತಿರುಗಿಸಿದ್ದು ನಾನೋ ಅವಳೋ ಇಂದಿಗೂ ತಿಳಿಯದು.

ಅಂಚು ತಲುಪುವಷ್ಟರಲ್ಲಿ, ನನ್ನ ಪಕ್ಕ ಕೂತಿದ್ದ ನೆಡ್ರಾಳೂ ಸೇರಿ, ಮೂವರಿಗೂ ಏದುಸಿರು. ಅಂಚಿನ ತಡೆಬೇಲಿಯ ಬಳಿ ವರ್ಲಾಳನ್ನು ನಿಲ್ಲಿಸಿ ಗತ್ತಿನಿಂದ ಶಾಲು ಬಿಚ್ಚಿದೆ. ಎದುರಿಗೆ ಬರೀ ಮೋಡ! ಕೈ ಚಾಚಿದರೆ ಬೆರಳು ಕಾಣದು.

"ಚೆನ್ನಾಗಿದೆ," ಎಂದಳು ವರ್ಲಾ. "ಶಾಲು ಬಿಚ್ಚಿದ್ದೀಯ ತಾನೆ?"

ಸೋಲೊಪ್ಪುವ ಜಾತಿ ನನ್ನದಲ್ಲ. ಮೋಡಕ್ಕೆ ಬೆನ್ನು ಹಾಕಿ, ಅವರಿಬ್ಬರ ಎದುರು ನಿಂತು, ನೆನಪಿನಿಂದಲೇ ಭಾಷಣ ಶುರುಮಾಡಿದೆ. ಇಲ್ಲಿ ಕಂಬಗಳ ಸಾಲು, ಅಲ್ಲಿ ಎರಡು ಸಾವಿರ ಅಡಿ ಪ್ರಪಾತ, ಇದು ಕಿತ್ತಳೆ, ಅದು ನೇರಳೆ ಎಂದು ಕೈ ಬೀಸಿ ಬೀಸಿ ಹೇಳಿದೆ. ಸ್ವಲ್ಪ ಹೊತ್ತಿಗೆ ವರ್ಲಾಳ ಬಾಯಿ ತೆರೆಯಿತು, ತೆರೆದೇ ಉಳಿಯಿತು. ಕಣ್ಣಲ್ಲಿ ನೀರೂ ಬಂತು. ನನ್ನ ನಾಲಿಗೆಗೆ ಇಷ್ಟು ಶಕ್ತಿಯೇ ಎಂದು ಹಿಗ್ಗಿ ದನಿ ಏರಿಸಿದೆ.

ನೆಡ್ರಾ ನನ್ನ ಭುಜ ಹಿಡಿದಳು. "ಥೇನ್, ತಿರುಗಿ ನೋಡು."

ತಿರುಗಿದೆ. ಮೋಡ ಕೆಳಗಿಳಿಯುತ್ತಿತ್ತು. ಒಂದೊಂದೇ ಬಂಡೆಗಂಬ ಆಗಷ್ಟೇ ಎದ್ದು ಬಂದಂತೆ ತಲೆಯೆತ್ತುತ್ತಿತ್ತು. ಕಿತ್ತಳೆಯೊಳಗೆ ಗುಲಾಬಿ, ಗುಲಾಬಿಯೊಳಗೆ ಕೆನೆಬಿಳುಪು, ಸಂದುಗಳಲ್ಲಿ ಕರಗದ ಹಿಮ. ಇಷ್ಟು ವರ್ಷ ಓಡಾಡಿದರೂ ನನ್ನ ಕಣ್ಣೆಲ್ಲ ರಸ್ತೆಯ ಮೇಲೇ ಇತ್ತಲ್ಲ ಎನಿಸಿತು. ಬೀಸುತ್ತಿದ್ದ ಕೈ ಕೆಳಗಿಳಿಸಿದೆ. 

"ಇದನ್ನ ಬಿಟ್ಟು ನಾನು ಎಲ್ಲಿಗೂ ಬರಲ್ಲ ಅಕ್ಕಾ," ಎಂದಳು ನೆಡ್ರಾ.

"ಬರಬೇಡ," ಎಂದಳು ವರ್ಲಾ.

ಗೆದ್ದೆ! ಬೆಟ್ಟ ಇಳಿಯುವಾಗ ತಡೆಯಲಾಗದೆ, ನನ್ನ ವಿವರಣೆಯಲ್ಲಿ ಯಾವ ಭಾಗ ಹಿಡಿಸಿತು ಎಂದು ಕೇಳಿಯೇಬಿಟ್ಟೆ.

ವರ್ಲಾ ಕೊಂಚ ಯೋಚಿಸಿದಳು. "ಅಯ್ಯೋ, ಅದು ನೀನಾ?" ಎಂದಳು. "ನಾನು ಗಾಳಿ ಅಂದ್ಕೊಂಡಿದ್ದೆ."